ಇಬ್ಬರ ಹಾಲು ಕುಡಿದ ಕೂಸು

1999ರ ಬೇಸಿಗೆಯಲ್ಲಿ ನಾನು ಚಿತ್ತಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯೆಯಾಗಿದ್ದೆ. ಹುಟ್ಟಿದ್ದು ಪಕ್ಕದ ದಂಡೋತಿಯಲ್ಲಿ. ಕಾಗಿಣಾ ನದಿ ದಂಡೆಯ ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಅಪ್ಪ ಮಳೆಗಾಲದಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದ, ಉಳಿದ ದಿನ ಮಂದಿಯ ಹೊಲದಲ್ಲಿ ದುಡಿಯುತ್ತಿದ್ದ. ಪಿಯುಸಿಯಲ್ಲಿ ಇಂಗ್ಲಿಷ್ ಪಾಠ ತಿಳಿಯದೆ ಇಡೀ ಪುಸ್ತಕ ಬಾಯಿಪಾಠ ಮಾಡಿ ಪಾಸಾದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಹೆಮ್ಮೆ ಇದೆ.

ಅದೇ ಹೊತ್ತಿಗೆ ಶಹಾಬಾದಿನಲ್ಲಿ ಡಾ. ಶ್ರೀನಿವಾಸ ಅವರ ಖಾಸಗಿ ದವಾಖಾನೆ ಇತ್ತು. ನನ್ನದೇ ಕಾಲೇಜು, ನನ್ನದೇ ಬ್ಯಾಚು. ತಂದೆ ಡಾಕ್ಟರು, ತಾಯಿ ಶಿಕ್ಷಕಿ. ನಾನು ಮೂರು ಸಲ ಓದಿ ತಲೆಗೆ ಹಾಕಿಕೊಂಡದ್ದನ್ನು ಅವರು ಮನೆಯಲ್ಲಿ ಊಟ ಮಾಡುತ್ತ ಕೇಳಿಯೇ ಕಲಿತಿದ್ದರು. ಚಿತ್ತಾಪುರದ ಜನ ನನ್ನ ಓಪಿಡಿಯ ಮುಂದೆಯೇ ಬಸ್ಸು ಹತ್ತಿ ಅವರಲ್ಲಿಗೆ ಹೋಗುತ್ತಿದ್ದರು. ತೋರಿಸಿಕೊಂಡು ಬಂದ ಮೇಲೆ ಪುಕ್ಕಟೆ ಗುಳಿಗೆ ಸಿಗುತ್ತದೇನೋ ಎಂದು ಅವರ ಚೀಟಿಯನ್ನು ನನ್ನ ಮೇಜಿನ ಮೇಲೆ ಇಡುತ್ತಿದ್ದರು. ಹೊಟ್ಟೆ ಉರಿಯದೆ ಏನು ಮಾಡೀತು? ಉರಿಯುತ್ತಿತ್ತು.

ಏಪ್ರಿಲ್ ಕೊನೆಯ ವಾರ ವಾಡಿಯಿಂದ ಗುರುಬಾಯಿ ಎಂಬ ಹೆಂಗಸು ತನ್ನ ಕಿರಿಯ ಸೊಸೆ ಸುನಂದಾಳನ್ನೂ ಎರಡೂವರೆ ತಿಂಗಳ ಮೊಮ್ಮಗನನ್ನೂ ಕರೆದುಕೊಂಡು ಲಸಿಕೆಗೆ ಬಂದಳು. ಆಕೆಯ ಇಬ್ಬರು ಗಂಡುಮಕ್ಕಳು ರಾವೂರ ಕಡೆಯಿಂದ ನೆಲಕ್ಕೆ ಹಾಸುವ ಫರ್ಸಿ ಕಲ್ಲು ತಂದು ಪಾಲಿಶ್ ಮಾಡಿ ಮಾರುವವರು. ಕೂಸಿನ ಅಂಗಿ ಎತ್ತಿ ನೋಡಿದೆ. ಸೊಂಟದ ಎಡಮಗ್ಗುಲು, ಕಿಬ್ಬೊಟ್ಟೆ ಮತ್ತು ತೊಡೆಯ ಮೇಲೆ ಕೆಂಪು ಗುಳ್ಳೆಗಳು. ಕೆಲವು ನೀರು ತುಂಬಿ ಒಡೆದಿದ್ದವು, ಕೆಲವು ಒಣಗತೊಡಗಿದ್ದವು.

ಎದೆಹಾಲು ಕುಡಿಯುವ ಕೂಸಿನ ಮೈಮೇಲೆ ಗುಳ್ಳೆ ಏಳಲು ಹತ್ತಾರು ಕಾರಣಗಳಿವೆ, ಹೆಚ್ಚಿನವು ತಾವಾಗಿಯೇ ಹೋಗುವಂಥವು. ಹುಟ್ಟಿದ ಮೊದಲ ವಾರದಲ್ಲಿ ಏಳುವ ಕೆಂಪು ಚುಕ್ಕೆ ಈ ವಯಸ್ಸಿಗೆ ಉಳಿಯುವುದಿಲ್ಲ. ಮೊಡವೆಯಂಥ ಗುಳ್ಳೆಗಳು ಕೂಸಿನ ಮುಖದ ಮೇಲೆ ಏಳುತ್ತವೆ, ಸೊಂಟಕ್ಕೆ ಇಳಿಯುವುದಿಲ್ಲ. ನಮ್ಮ ಕಡೆಯ ಬಿಸಿಲಿಗೆ ಬೆವರುಸಾಲೆ ಸಹಜ, ಆದರೆ ಅದು ಕುತ್ತಿಗೆ, ಬೆನ್ನು, ಕಂಕುಳು ಹಿಡಿಯುತ್ತದೆ. ಇವನ ಕುತ್ತಿಗೆ ಹಾಲಿನ ಕೆನೆಯಂತೆ ನುಣುಪಾಗಿತ್ತು. ತಲೆಯಲ್ಲಿ ಹೊಟ್ಟಿನ ಪದರ ಇರಲಿಲ್ಲ. ಕಜ್ಜಿ ಇದ್ದರೆ ಅಂಗೈ, ಅಂಗಾಲು ಬಿಡುವುದಿಲ್ಲ, ಅಲ್ಲಿಯೂ ಏನಿಲ್ಲ. ಎಣ್ಣೆ ಯಾವುದು, ಕಡಲೆಹಿಟ್ಟು ತಿಕ್ಕುತ್ತೀರಾ, ಬಟ್ಟೆ ಯಾವ ಸೋಪಿನಲ್ಲಿ ಒಗೆಯುತ್ತೀರಿ ಎಂದೆಲ್ಲ ಕೇಳಿದೆ. ಮೊದಲ ದಿನದಿಂದ ಎಲ್ಲವೂ ಅದೇ. ಉಳಿದದ್ದು ಒಂದು: ತಾಯಿ ತಿಂದ ಯಾವುದೋ ಪದಾರ್ಥ, ಹೆಚ್ಚಾಗಿ ಹೈನು, ಹಾಲಿನ ಮೂಲಕ ಕೂಸಿಗೆ ಒಗ್ಗದೆ ಹೋಗುವುದು. ಅಪರೂಪ, ಆದರೆ ಇದೆ.

ಆಗ ಗುರುಬಾಯಿ ಮುಖ್ಯವಾದ ಮಾತು ಹೇಳಿದಳು. ಬಾಣಂತನದಲ್ಲಿ ಸುನಂದಾಗೆ ಜ್ವರ ಬಂದು ಹಾಲು ಬತ್ತಿದಾಗ, ಏಳು ತಿಂಗಳ ಮಗಳಿಗೆ ಹಾಲೂಡುತ್ತಿದ್ದ ಹಿರಿಸೊಸೆ ಮಹಾದೇವಿ ಈ ಕೂಸಿಗೂ ಎದೆ ಕೊಟ್ಟಿದ್ದಳು. ಜ್ವರ ಬಿಟ್ಟ ಮೇಲೂ ಸುನಂದಾಳ ಹಾಲು ಸಾಲದೆ ದಿನಕ್ಕೆರಡು ಸಲ ಕುಡಿಸುವುದು ನಡೆದಿತ್ತು. ಗುಳ್ಳೆ ಎದ್ದಾಗ ಶಹಾಬಾದಿಗೆ ಒಯ್ದರು. ಡಾ. ಶ್ರೀನಿವಾಸ ಹಚ್ಚಲು ಲೋಷನ್ ಕೊಟ್ಟು, ದೊಡ್ಡವಳ ಹಾಲು ಒಂದು ವಾರ ಬಿಡಿಸಿ ನೋಡಿ ಅಂದಿದ್ದರು.

“ಆಕಿ ಹಾಲು ಬಿಡಿಸಿದ ಮ್ಯಾಲ ಒಣಗ್ಲಿಕತ್ತಾವ ನೋಡ್ರಿ. ಆ ಡಾಕ್ಟರ್ ಬಾಯಿಂದ ಬಂದದ್ದು ಸುಳ್ಳಾಗಂಗಿಲ್ಲ,” ಅಂದಳು ಗುರುಬಾಯಿ.

ಮಹಾದೇವಿಯ ಕೈಮೇಲೂ ಗುಳ್ಳೆ ಎದ್ದಿದ್ದವಂತೆ. ರೋಗ ಆಕೆಯದೇ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಮಾವಾಸ್ಯೆ ಕಳೆದ ಕೂಡಲೇ ಆಕೆಯನ್ನು ಮಗಳ ಸಮೇತ ತವರು ಚಿಂಚೋಳಿಗೆ ಬಿಟ್ಟು ಬರುವುದು. ವಾಪಸು ಕರೆಸುವ ಮಾತು ಯಾರೂ ಆಡಿರಲಿಲ್ಲ.

ಕೂಸನ್ನು ತೂಗಿದೆ. ಕಳೆದ ಲಸಿಕೆಯಿಂದ ಏರಬೇಕಾದಷ್ಟು ಏರಿರಲಿಲ್ಲ. ಸುನಂದಾಳ ಹಾಲು ಸಾಲದ್ದಕ್ಕೆ ನೀರು ಬೆರೆಸಿದ ಎಮ್ಮೆಹಾಲು ಹಾಕುತ್ತಿದ್ದರು. ಅದನ್ನು ನಿಲ್ಲಿಸಿ, ಮೇಲಿಂದ ಮೇಲೆ ಎದೆಗೆ ಹಚ್ಚಲು ಹೇಳಿ ಕಳಿಸಿದೆ. ಮಹಾದೇವಿಯ ಬಗ್ಗೆ ಏನೂ ಹೇಳಲಾಗಲಿಲ್ಲ. ಶ್ರೀನಿವಾಸ ಹೇಳಿದಂತೆಯೇ ಆಗಿತ್ತಲ್ಲ. ಅವರ ಲೆಕ್ಕ ಯಾವಾಗಲೂ ಹೇಗೆ ಸರಿ ಬರುತ್ತದೆ ಎಂದು ಮನೆಗೆ ಹೋಗುವ ತನಕ ಕುದಿಯುತ್ತಿದ್ದೆ. ನಿಜ ಹೇಳಬೇಕೆಂದರೆ, ಆ ಕೇಸು ನನ್ನ ತಲೆಯಿಂದ ಇಳಿಯದೆ ಉಳಿದದ್ದು ಆ ಕುದಿತಕ್ಕೇ.

ಎರಡು ದಿನ ಬಿಟ್ಟು ಮಹಾದೇವಿ ಒಬ್ಬಳೇ ಬಂದಳು, ಬಗಲಲ್ಲಿ ಮಗಳು. ಎತ್ತರದ, ಗಟ್ಟಿ ಧ್ವನಿಯ ಹೆಣ್ಣು. ಕುಂದ್ರಿ ಅಂದರೂ ಕೂಡಲಿಲ್ಲ.

“ನನ್ನ ಹಾಲು ಟೆಸ್ಟ್ ಮಾಡ್ರಿ ಬಾಯಾರ. ವಿಷ ಇದ್ರ ಬರದು ಕೊಡ್ರಿ, ನಾ ಚಿಂಚೋಳಿಗಿ ಹೋಗ್ತೀನಿ. ಇಲ್ಲಂದ್ರ ಅದನ್ನೂ ಬರದು ಕೊಡ್ರಿ.”

ಅಂಥ ಟೆಸ್ಟು ನನ್ನಲ್ಲಿರಲಿಲ್ಲ. ಕೈ ತೋರಿಸು ಅಂದೆ. ಬಲ ಮುಂಗೈಯ ಒಳಮಗ್ಗುಲಲ್ಲಿ, ಮಣಿಕಟ್ಟಿಗಿಂತ ತುಸು ಮೇಲೆ, ಮತ್ತು ಸೀರೆ–ಕುಪ್ಪಸದ ನಡುವಿನ ಹೊಟ್ಟೆಯ ಮೇಲೆ ಅಂಥವೇ ಗುಳ್ಳೆಗಳು. ಎದೆಯ ಮೇಲೆ ಒಂದೂ ಇಲ್ಲ. ಅದೇ ಹಾಲು ಕುಡಿದ ಮಗಳ ಮೈ ಸ್ವಚ್ಛ. ಮಗಳ ಮೈ ನೋಡಿ ಹಾಲನ್ನು ಖುಲಾಸೆ ಮಾಡಲು ಬರುವುದಿಲ್ಲ, ಒಂದು ಕೂಸಿಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗದೆ ಇರಬಹುದು. ಆದರೆ ಹಾಲು ಹೊಟ್ಟೆಗೆ ಹೋಗುವಂಥದು. ಅದು ಕುಡಿಸುವವಳ ಮುಂಗೈಯನ್ನು ಹೇಗೆ ಸುಡುತ್ತದೆ?

ಮೈದುನನ ಮಗನನ್ನು ಹೇಗೆ ಎತ್ತಿಕೊಳ್ಳುತ್ತಿದ್ದೆ ಎಂದು ಕೇಳಿದೆ. ಹಾಸಿಗೆಯ ದಿಂಬನ್ನು ಕೂಸಿನಂತೆ ಮಲಗಿಸಿಕೊಂಡು ತೋರಿಸಿದಳು. ತಲೆ ಮೊಣಕೈ ಮಡಿಕೆಯಲ್ಲಿ. ಸೊಂಟ ಬರುವುದು ಗುಳ್ಳೆ ಎದ್ದ ಜಾಗಕ್ಕೇ. ರೋಗ ಆಕೆಯಿಂದ ಕೂಸಿಗೆ ಹೋಗಿರಲಿಲ್ಲ. ಕೂಸಿನ ಸೊಂಟದಲ್ಲಿದ್ದ ಏನೋ ಒಂದು ಇಬ್ಬರನ್ನೂ ಸುಟ್ಟಿತ್ತು. ಇದಕ್ಕೆ ಕಾಂಟ್ಯಾಕ್ಟ್ ಡರ್ಮಟೈಟಿಸ್ ಅನ್ನುತ್ತೇವೆ, ತಾಗಿದ್ದರಿಂದ ಆದ ಚರ್ಮದ ಉರಿ.

ತೂಕದ ನೆಪ ಹೇಳಿ ಮರುದಿನವೇ ಸುನಂದಾಳನ್ನು ಕರೆಸಿದೆ. ಜೊತೆಗೆ ಬಂದ ಗುರುಬಾಯಿಯನ್ನು ಔಷಧಿಯ ಸಾಲಿಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ. ಉಡದಾರ ಸರಿಸಿ ಹುಡುಕಿದರೆ ಸೊಂಟದ ಎಡಕ್ಕೆ ನಾಣ್ಯದಷ್ಟು ಕಪ್ಪು ಕಲೆ. ಸುನಂದಾಳ ಬಲಗೈ ಬೆರಳ ತುದಿಗಳೂ ಕಪ್ಪಾಗಿ ಸುಲಿದಿದ್ದವು. ರೊಟ್ಟಿ ಹಂಚು ಮುಟ್ಟಿದೆ ಅಂದಳು. ಹಂಚು ಸುಟ್ಟರೆ ಹೀಗೆ ಮಸಿ ಹತ್ತುವುದಿಲ್ಲ, ಇವನ ಸೊಂಟಕ್ಕೆ ಏನು ಕಟ್ಟಿದ್ದೆ ಎಂದು ಕೇಳಿದೆ.

ಬಾಗಿಲ ಕಡೆ ನೋಡಿ, ಕುಪ್ಪಸದೊಳಗಿಂದ ಪದರು ಪದರಾಗಿ ಸುತ್ತಿದ ಸಣ್ಣ ಬಟ್ಟೆಯ ಗಂಟು ತೆಗೆದಳು. ಅದರಲ್ಲಿ ಕೇರುಬೀಜ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಪ್ಪು ಕಾಯಿ. ನಮ್ಮ ಕಡೆ ದೃಷ್ಟಿ ತಾಗದಿರಲೆಂದು ಇದನ್ನು ತೊಟ್ಟಿಲಿಗೆ, ಬಾಗಿಲಿಗೆ ಕಟ್ಟುವುದುಂಟು. ಸಿಪ್ಪೆಯೊಳಗಿನ ಎಣ್ಣೆ ತಾಗಿದರೆ ದೊಡ್ಡವರ ಚರ್ಮವೇ ಬೊಬ್ಬೆ ಏಳುತ್ತದೆ. ತವರೂರು ಕುರಕುಂಟಾದಲ್ಲಿರುವ ತಾಯಿ ಸೇಡಂ ಸಂತೆಯಿಂದ ತಂದುಕೊಟ್ಟಿದ್ದಳಂತೆ. ಸುನಂದಾ ಸೂಜಿಯಿಂದ ಚುಚ್ಚಿ ದಾರ ಪೋಣಿಸಿದ್ದಳು, ಎಣ್ಣೆ ಒಸರಿತ್ತು. ಅದನ್ನು ಇಡೀ ದಿನ ಕಟ್ಟುತ್ತಿರಲಿಲ್ಲ. ಮಹಾದೇವಿ ಕುಡಿಸಲು ಕೂಸನ್ನು ಕೇಳಿದಾಗ ಮಾತ್ರ ತೆಳು ಅಂಗಿಯ ಮರೆಯಲ್ಲಿ ಉಡದಾರಕ್ಕೆ ಸಿಕ್ಕಿಸಿ ಕೊಡುವುದು, ವಾಪಸು ಬಂದ ಮೇಲೆ ಬಿಚ್ಚಿಕೊಳ್ಳುವುದು. ಮಹಾದೇವಿಯ ಹಾಲು ನಿಂತಾಗ ಬೀಜವೂ ನಿಂತಿತು, ಗುಳ್ಳೆ ಒಣಗಿದವು. ಶ್ರೀನಿವಾಸರ ಲೆಕ್ಕ ಸರಿ ಬಂದದ್ದು ಹೀಗೆ.

“ಆಕಿ ನಿನ್ನ ಮಗನ್ನ ಉಳಿಸ್ಯಾಳ. ಆಕಿಗೇ ಯಾಕವ್ವ ಅಂಜಿದಿ?” ಅಂದೆ.

“ನಾ ಎತ್ತಿಕೊಂಡ್ರ ಅಳ್ತಾನ್ರಿ,” ಅಂದಳು. “ಆಕಿ ಸಪ್ಪಳ ಕೇಳಿದ್ರ ಸುಮ್ನ ಆಗ್ತಾನ. ಹಡದಾಕಿ ನಾನ್ರಿ. ಊರ ಮಂದೆಲ್ಲಾ ಆಕಿ ಹಾಲಿನ ಗುಣಾನ ಹೇಳ್ತಾರ. ಆಕೀಗಿ ನನ್ನ ಮಗನ ಮ್ಯಾಲ ಕಣ್ಣದ ಅನಸ್ತು.”

“ಕಣ್ಣು ಆಕೀದಲ್ಲ ತಂಗಿ, ಹೊಟ್ಟಿಕಿಚ್ಚು ನಿಂದು. ಇರಲಿ ಬಿಡು, ನನಗೂ ಅದ. ಹೊಟ್ಟಿಕಿಚ್ಚಿಗಿ ಗುಳ್ಳಿ ಎಬ್ಬಿಸೋ ತಾಕತ್ತು ಇದ್ದಿದ್ರ, ಶಹಾಬಾದದ ನಿಮ್ಮ ಡಾಕ್ಟರು ಇಷ್ಟೊತ್ತಿಗಿ ಮೈತುಂಬ ಬೊಕ್ಕಿ ಎದ್ದು ಮನ್ಯಾಗ ಮಲಗತಿದ್ರು.”

ಅಳುತ್ತಿದ್ದವಳು ನಕ್ಕಳು. ಅತ್ತೆಗೆ ಹೇಳುತ್ತೀರೇನು ಎಂದು ಕೇಳಿದಳು. ಹೇಳಿದರೆ ಚಿಂಚೋಳಿಯ ಬದಲು ಕುರಕುಂಟಾದ ಬಸ್ಸು ಹತ್ತಿಸುತ್ತಾರೆ ಎಂಬುದು ನನಗೂ ಗೊತ್ತಿತ್ತು. ಅತ್ತೆಗೆ ನಾನು ಹೇಳುವುದಿಲ್ಲ, ಮಹಾದೇವಿಗೆ ಮಾತ್ರ ನೀನೇ ಹೇಳಬೇಕು ಎಂದೆ. ಬೀಜ ನನ್ನ ಮೇಜಿನ ಮೇಲೆಯೇ ಉಳಿಯಿತು.

ಇನ್ನು ಗುರುಬಾಯಿ. ಒಳಗೆ ಕರೆದು, ಏನೋ ಒಗ್ಗದ ವಸ್ತು ಮೈಗೆ ತಾಗಿ ಹೀಗಾಗಿದೆ, ಇಬ್ಬರ ಹಾಲೂ ಚೊಕ್ಕ, ಮಹಾದೇವಿ ಮತ್ತೆ ಕುಡಿಸಲಿ ಎಂದೆ. ಆಕೆ ನನ್ನ ಮುಖವನ್ನೇ ನೋಡಿ, ಶಹಾಬಾದ ಡಾಕ್ಟರು ಹಂಗಂದ್ರ ಕೇಳತೀನ್ರಿ, ಅಂದಳು.

ದಂಡೋತಿಯಿಂದ ಇಲ್ಲಿಯ ತನಕ ನಾನು ಯಾರ ಮುಂದೆಯೂ ಕೈ ಒಡ್ಡಿರಲಿಲ್ಲ. ಆಫೀಸಿನ ಫೋನಿಗೆ ಹೋಗಿ ಶ್ರೀನಿವಾಸರ ನಂಬರು ತಿರುಗಿಸಿದೆ. ಎಲ್ಲ ಹೇಳಿದೆ, ಸುನಂದಾಳ ಗುಟ್ಟು ಕಾಯಬೇಕೆಂಬುದನ್ನೂ ಸೇರಿಸಿ. ಅವರು ಒಂದು ಮಾತು ಎದುರಾಡಲಿಲ್ಲ. ಮುಂಗೈ ನೋಡಬೇಕಿತ್ತು, ನನಗೆ ಹೊಳೆಯಲೇ ಇಲ್ಲ, ಛಲೋ ಹಿಡಿದಿರಿ, ಆ ತಾಯಿಗೆ ಫೋನು ಕೊಡಿ ಎಂದರು. ಆ ಮನುಷ್ಯ ಕೆಟ್ಟವನಾಗಿದ್ದರೆ ನನಗೆ ಎಷ್ಟು ಆರಾಮಿರುತ್ತಿತ್ತು.

ಗುರುಬಾಯಿ ಫೋನಿನ ಮುಂದೆ ತಲೆತುಂಬ ಸೆರಗು ಹೊದ್ದು ನಿಂತಳು. ಹೂಂ ರಿ, ಹೂಂ ರಿ ಅಂದಳು. ಇಟ್ಟ ಮೇಲೆ ನನ್ನ ಕಡೆ ತಿರುಗಿ, “ಎಷ್ಟ ತಿಳಿಸಿ ಹೇಳ್ತಾರ ನೋಡ್ರಿ ಬಾಯಾರ. ಓದಿದವ್ರಂದ್ರ ಹಿಂಗಿರಬೇಕು,” ಅಂದಳು.

ಗುಳ್ಳೆ ಪೂರಾ ಮಾಯ್ದವು. ಗುರುಬಾಯಿ ಶಹಾಬಾದಿಗೆ ಕಾಯಿ, ಪೇಢೆ ಒಯ್ದು ಕೊಟ್ಟು ಬಂದಳೆಂದು ಕೇಳಿದೆ.

ಮುಂದಿನ ಲಸಿಕೆಗೆ ಸುನಂದಾ, ಮಹಾದೇವಿ ನೆಗೆಣ್ಣಿಯರಿಬ್ಬರೂ ಒಂದೇ ಜೀಪಿನಲ್ಲಿ ಬಂದರು. ಕೂಸಿನ ತೂಕ ಏರಿತ್ತು. ಸೂಜಿ ಚುಚ್ಚಿದ ಕೂಡಲೇ ಕಿರುಚತೊಡಗಿತು. ಸುನಂದಾ ಎದೆಗೆ ಹಚ್ಚಿ, ತಟ್ಟಿ, ಎದ್ದು ನಿಂತು ಅಡ್ಡಾಡಿ ನೋಡಿದಳು. ನಿಲ್ಲಲಿಲ್ಲ. ಮಹಾದೇವಿ ಕೈ ಚಾಚಲಿಲ್ಲ, ಗೋಡೆಯ ಕಡೆ ನೋಡುತ್ತ ಕೂತಳು. ಕೊನೆಗೆ ಸುನಂದಾಳೇ, ತಗೋ ಅಕ್ಕ, ಎಂದು ಕೊಟ್ಟಳು. ಸುನಂದಾಳ ಮುಖದಲ್ಲಿ ಕಿಚ್ಚು ಹಾಗೆಯೇ ಇತ್ತು. ನನಗೆ ಗುರುತಿಲ್ಲದ ಕಿಚ್ಚೇನಲ್ಲ.

ಹಾಲು ಕುಡಿಯುವ ಕೂಸಿನ ಮೈಮೇಲೆ ಗುಳ್ಳೆ ಕಂಡರೆ ಹಾಲನ್ನು ಎಲ್ಲಕ್ಕೂ ಕೊನೆಗೆ ಅನುಮಾನಿಸಬೇಕು, ಮೊದಲು ಮೈಗೆ ತಾಗಿದ್ದನ್ನು ಹುಡುಕಬೇಕು, ಎತ್ತಿಕೊಳ್ಳುವವರ ಕೈಯನ್ನೂ ನೋಡಬೇಕು. ಇದನ್ನು ಮುಂದೆ ನನ್ನ ಕೈಕೆಳಗೆ ಬಂದ ಎಲ್ಲ ಹುಡುಗ ಡಾಕ್ಟರರಿಗೂ ಹೇಳಿದ್ದೇನೆ. ಇನ್ನೊಂದನ್ನು ಹೇಳಿಲ್ಲ, ಇಲ್ಲಿ ಬರೆಯುತ್ತೇನೆ. ಹೊಟ್ಟೆಕಿಚ್ಚು ಆರಲಿ, ಆಮೇಲೆ ಸರಿಯಾದದ್ದು ಮಾಡೋಣ ಎಂದು ಕಾಯುತ್ತ ಕೂತರೆ ಕೂಸು ಹಸಿದೇ ಇರುತ್ತದೆ. ಅದು ಉರಿಯುತ್ತಿರಲಿ, ಕೈ ತನ್ನ ಕೆಲಸ ಮಾಡಬೇಕು.