ಮೌನಿಕಾ ಬರೆದ ಹೇಳಿಕೆ

ಮೌನಿಕಾ ಒಂದು ಕಡೆ ನಿಲ್ಲುವ ಹೆಂಗಸಲ್ಲ. ನಮ್ಮ ಮಾಳಿಗೆ ಮೇಲಿನ ಕೋಣೆಗೆ ಬಾಡಿಗೆಗೆ ಬಂದಾಗಲೇ ತಿಳಿಯಿತು. ಡ್ಯೂಟಿ ಮುಗಿಸಿ ಬಂದರೂ ಬೂಟು ಬಿಚ್ಚದೆ ಆ ಗೋಡೆಯಿಂದ ಈ ಗೋಡೆಗೆ ತಿರುಗುವಳು. ಸಿರುಗುಪ್ಪದ ಕಡೆ ರಾರಾವಿಯವಳು, ಬಳ್ಳಾರಿಯ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಕೈ ಉದಾರ, ಬಾಯಿ ಒರಟು. ನನಗೆ ಜ್ವರ ಬಂದಾಗ ದವಾಖಾನೆಯ ಸಾಲಿನಲ್ಲಿದ್ದವರನ್ನೆಲ್ಲ ಗದರಿಸಿ ನನ್ನನ್ನು ಮುಂದೆ ನಿಲ್ಲಿಸಿದ್ದಳು. ನನಗೆ ಸಂತೋಷವೇ ಆಗಿತ್ತು. ಹಿಂದೆ ಉಳಿದವರ ಮುಖ ನಾನೂ ನೋಡಲಿಲ್ಲ.

ಮೀನಾ ಕುರುಗೋಡಿನವಳು. ತಂದೆತಾಯಿ ಇಲ್ಲದ ಅವಳನ್ನು ಸಾಕಿದವನು ಅಣ್ಣ ಯರ್ರಿಸ್ವಾಮಿ. ದಿನಾ ಬಸ್ಸಿಗೆ ಬಂದು ನಮ್ಮ ಓಣಿಯ ಜೀನ್ಸ್ ಘಟಕದಲ್ಲಿ ಹೊಲಿಯುತ್ತಿದ್ದಳು. ಮೌನಿಕಾ ಅಲ್ಲಿಗೆ ಖಾಕಿ ಪ್ಯಾಂಟು ಗಿಡ್ಡ ಮಾಡಿಸಲು ಹೋದಳು. ಮರುವಾರ ಅದೇ ಪ್ಯಾಂಟು ಹಿಡಿದು ಮತ್ತೆ ಹೋದಳು.

ಪಕ್ಕದ ಮನೆ ಸರೋಜಾ ಸುಮ್ಮನಿರುತ್ತಾಳೆಯೇ? "ಏನ್ರೀ ಪೊಲೀಸಮ್ಮಾರ, ಇದು ನಾಕನೇ ಸಲ. ಇನ್ನೊಂದು ಸಲ ಗಿಡ್ಡ ಮಾಡಿಸಿದ್ರ ಚಡ್ಡಿ ಹಾಕ್ಕೊಂಡು ಡ್ಯೂಟಿ ಮಾಡಬೇಕಾಗ್ತೈತಿ ನೋಡ್ರಿ!"

ಒಂದು ದಿನ ಸಂಜೆ ಮೀನಾ ಊರ ಬಸ್ಸು ಹತ್ತಲಿಲ್ಲ. ಅಣ್ಣ ಗಂಡು ನೋಡಿದ್ದ. ಉಟ್ಟ ಬಟ್ಟೆಯಲ್ಲೇ ಬಂದು ಮೇಲಿನ ಕೋಣೆಯಲ್ಲಿ ಉಳಿದಳು. ಗೆಳತಿಯರು ಎಂದಿತು ಓಣಿ. ನಾನು ಕೆಳಗೆ ಕೂತು ಘಟಕದಿಂದ ಕೂಲಿಗೆ ತಂದ ಪ್ಯಾಂಟುಗಳ ದಾರ ಕತ್ತರಿಸುತ್ತ ಕೇಳುತ್ತಿದ್ದೆ. ಮೌನಿಕಾ ಅವಳಿಗೆ ಹೆರಳು ಹಾಕುವಾಗ ಇಬ್ಬರೂ ಏನೇನೋ ಹೇಳಿಕೊಂಡು ನಗುತ್ತಿದ್ದರು. ಒಂದು ದಿನ ಕೇಳಿಯೇಬಿಟ್ಟೆ, "ಮೀನಾ, ನಿಮ್ಮದು ಬರೀ ಗೆಳೆತನ ಏನವ್ವಾ?"

"ನಿನಗ ಗೊತ್ತೈತಿ, ಮತ್ಯಾಕ ಕೇಳ್ತಿ ಅಮ್ಮಾ?" ಅಂದಳು.

ತಂಗಿ ಕಾಣುತ್ತಿಲ್ಲವೆಂದು ಯರ್ರಿಸ್ವಾಮಿ ದೂರು ಕೊಡಲು ಬಂದದ್ದು ಮೌನಿಕಾಳ ಠಾಣೆಗೇ. ಅವಳು ಮಧ್ಯಾಹ್ನವೇ ಓಡಿಬಂದಳು, ಕೈಯಲ್ಲಿ ಒಂದು ಖಾಲಿ ಹಾಳೆ.

"ಕೆಳಗ ಸಹಿ ಹಾಕು. ನನ್ನ ಮನಸಿನಿಂದ ಬಂದೀನಿ ಅಂತ ಮ್ಯಾಲ ನಾ ಬರೀತೀನಿ."

ನಮ್ಮಂಥವರು ಠಾಣೆಗೆ ಹೋದರೆ ಮೊದಲು ಸಹಿ, ಆಮೇಲೆ ಬರಹ. ಯಾರೂ ಓದಿ ನೋಡುವುದಿಲ್ಲ. ಮೀನಾ ಸಹಿ ಹಾಕಿದಳು. ನಾನು ಅಲ್ಲೇ ಇದ್ದೆ, ಬೇಡವೆನ್ನಲಿಲ್ಲ.

ಆಮೇಲೆ ಅಣ್ಣ ಫೋನು ಎತ್ತಲೇ ಇಲ್ಲ. ಸಿಟ್ಟಿರಬೇಕು, ಇಳಿಯುತ್ತದೆ ಎಂದುಕೊಂಡು ಮೀನಾ ಎಂಟು ತಿಂಗಳು ಕಾದಳು. ಒಂದು ದಿನ ತಿಪ್ಪೇಸ್ವಾಮಿ ಎಂಬ ಪೇದೆ ಕೋರ್ಟಿನ ಸಮನ್ಸ್ ತಂದ.

"ಏನೈತ್ರಿ ಇದರಾಗ? ಓದಿ ಹೇಳ್ರಿ," ಎಂದಳು ಮೀನಾ.

"ನಿಮ್ಮಣ್ಣ ನಿಮ್ಮನ್ನ ಕೂಡಿ ಹಾಕಿ ಹೊಡದಾನಂತ ನೀವಾ ಕಂಪ್ಲೇಂಟ್ ಕೊಟ್ಟೀರಲ್ರಿ. ಎರಡು ದಿನ ಲಾಕಪ್ಪಿನಾಗಿದ್ದ. ಈಗ ನೀವು ಬಂದು ಸಾಕ್ಷಿ ಹೇಳಬೇಕು."

"ನಮ್ಮಣ್ಣ? ನನ್ನ ಮ್ಯಾಲ ಒಂದು ದಿನ ಕೈ ಎತ್ತಿದಾಂವ ಅಲ್ರೀ ಅಂವ!"

ಆ ಸಂಜೆ ಮೌನಿಕಾ ಅಡ್ಡಾಡುತ್ತಲೇ ಮಾತಾಡಿದಳು. "ಅಂವ ನಿನ್ನ ಎಳಕೊಂಡು ಹೋಗಿ ಮದುವಿ ಮಾಡ್ತಿದ್ದ. ಹೆದರಿಸದಿದ್ರ ಬಿಡ್ತಿರಲಿಲ್ಲ."

"ನನ್ನ ಒಂದು ಮಾತು ಕೇಳಿದ್ದೇನು?"

"ಕೋರ್ಟಿನಾಗ ನೆನಪಿಲ್ಲ ಅನ್ನು. ದಿನಾ ನೋಡ್ತೀನಿ ನಾ, ಹಂಗ ಅಂದ್ರ ಕೇಸ್ ಬಿದ್ದು ಹೋಗ್ತೈತಿ. ನಿಮ್ಮಣ್ಣಾನೂ ಉಳೀತಾನ, ನಾನೂ ಉಳೀತೀನಿ."

"ತುತ್ತು ಉಣಿಸಿದಾಂವ ಹೊಡದಾನೋ ಇಲ್ಲೋ ನೆನಪಿಲ್ಲ ಅನ್ನಬೇಕಾ ನಾ?"

"ಖರೇ ಹೇಳಿದ್ರ ನನ್ನ ನೌಕರಿ ಹೋಗ್ತೈತಿ, ಲೇ."

"ಹೇಳದಿದ್ರ ನಾ ಹೋಗ್ತೀನಿ."

ಕೋರ್ಟಿಗೆ ಮೀನಾಳ ಜೊತೆ ನಾನೂ ಹೋದೆ. ಮೌನಿಕಾ ಚೂಡಿದಾರದಲ್ಲಿ ಬಂದು ಬಾಗಿಲ ಹತ್ತಿರ ನಿಂತಿದ್ದಳು. ಸಹಿ ಹಾಕಿದಾಗ ಹಾಳೆ ಖಾಲಿಯಿತ್ತು, ಅಣ್ಣ ಹೊಡೆದಿಲ್ಲ ಎಂದಳು ಮೀನಾ. ಹಾಳೆ ತಂದವರು ಯಾರು ಎಂದು ಜಡ್ಜಮ್ಮ ಕೇಳಿದರು. ಮೀನಾ ಬಾಗಿಲ ಕಡೆ ತಿರುಗಿದಳು. ಮೌನಿಕಾ ತಾನಾಗಿಯೇ ಮುಂದೆ ಬರಲಿ ಎಂದು ಕಾದಳೆಂದು ನನಗನ್ನಿಸಿತು. ಮೌನಿಕಾ ಒಂದು ಹೆಜ್ಜೆ ಒಳಗಿಟ್ಟಳು, ಮತ್ತೆ ತಿರುಗಿ ಹೊರಗೆ ಹೋಗಿಬಿಟ್ಟಳು.

ಮೀನಾ ಹೆಸರು ಹೇಳಿದಳು.

ಹೊರಗೆ ಯರ್ರಿಸ್ವಾಮಿ ತಂಗಿಯ ತಲೆ ಸವರಿದ. "ನಡಿ ಮನಿಗೆ. ಆ ಪೊಲೀಸಮ್ಮಗೂ ನಿನಗೂ ಏನು ಸಂಬಂಧ?"

"ನಾ ಬಾಳ್ವಿ ಮಾಡೂದು ಅಕೀ ಜೊತಿಗೆ, ಅಣ್ಣಾ. ಮೊದಲು ಅಕಿ ನಿನ್ನ ಮುಂದ ಬಂದು ತಪ್ಪು ಒಪ್ಪಲಿ. ಆಮ್ಯಾಲ ನಾ ಬರ್ತೀನಿ."

ಅವನು ತಂಗಿಯ ಮುಖವನ್ನೇ ನೋಡಿದ. ತಿರುಗಿ ಬಸ್‌ ನಿಲ್ದಾಣದ ಕಡೆ ನಡೆದ.

ಮನೆಗೆ ಬಂದರೆ ಮೌನಿಕಾ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. "ನನ್ನ ಹೆಸರು ಹೇಳಿದೇನು?"

"ಹೇಳಿದೆ."

"ಛಲೋ ಮಾಡಿದಿ."

"ಓಡಿ ಹೋದಾಕಿ ನೀನು. ಛಲೋನೋ ಕೆಟ್ಟೋ, ನೀನೇನು ಹೇಳ್ತಿ?"

ವಾರದೊಳಗೆ ಸಸ್ಪೆಂಡ್ ಆದೇಶ ಬಂತು. ಮರುದಿನ ಬೆಳಿಗ್ಗೆ ಮೌನಿಕಾ ಕುರುಗೋಡಿಗೆ ಹೋದಳು. ಬಂದು ನಮ್ಮಿಬ್ಬರ ಮುಂದೆ ಹೇಳಿದಳು: "ಆ ಕಂಪ್ಲೇಂಟ್ ನಾನಾ ಬರೆದಿದ್ದು ಅಂದೆ, ಕೇಳಿಸಿಕೊಂಡ. 'ಲಾಕಪ್ಪಿನಾಗ ಎರಡು ದಿನ ನನ್ನ ತಂಗಿ ಹಿಂಗ ಯಾಕ ಮಾಡಿದ್ಲು ಅಂತ ಅತ್ತೀನಿ' ಅಂದ. ಬಾಗಿಲು ಹಾಕ್ಕೊಂಡ."

"ಮತ್ತ ಹೋಗು," ಎಂದಳು ಮೀನಾ.

"ಎಷ್ಟು ಸಲ?"

"ಅಂವ ಒಳಗ ಕರಿಯೂತನಕ."

"ಕರೀದಿದ್ರ?"

ಎರಡನೇ ಸಲ ಯರ್ರಿಸ್ವಾಮಿ ಬಾಗಿಲನ್ನೇ ತೆರೆಯಲಿಲ್ಲವಂತೆ. ಮೂರನೇ ಸಲ ಹೊಸ್ತಿಲಲ್ಲೇ ನಿಂತು, "ಅಕಿ ಹೊತ್ತಿಗೆ ಸರಿಯಾಗಿ ಉಣ್ತಾಳೇನು?" ಎಂದಷ್ಟೇ ಕೇಳಿದನಂತೆ. ಇವತ್ತು ನಾಲ್ಕನೇ ಸಲ. ಮೀನಾ ಬಸ್‌ ನಿಲ್ದಾಣದವರೆಗೆ ಜೊತೆಗೆ ಹೋಗಿದ್ದಾಳೆ, ಬಸ್ಸು ಹೊರಡುವ ತನಕ ಕಿಟಕಿಯ ಪಕ್ಕ ನಿಂತಿರುತ್ತಾಳೆ. ತಾನು ಹತ್ತುವುದಿಲ್ಲ.