ಮುಡಿಪಿನೊಳಗಿನ ಕಾರ್ಡು

ನಿವೃತ್ತಿಯಾಗಿ ಮೂರು ವರ್ಷವಾದರೂ ನನ್ನ ಬಾಯಿಂದ ಪಾಠ ಹೋಗಿಲ್ಲ. ಮಲೇಷ್ಯಾಕ್ಕೆ ಹೊರಡುವ ವಾರ ಪುತ್ತೂರಿನ ನಮ್ಮ ಮನೆಯಲ್ಲಿ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಕಾರ್ಡಿನ ಪಾಠ ಮಾಡಿದೆ. ಇದು ಪರದೇಶದ ಕಾರ್ಡು, ಇದರೊಳಗೆ ಅಲ್ಲಿಯ ದುಡ್ಡು ತುಂಬಿಸಿದೆ. ಪಿನ್ ಒತ್ತುವಾಗ ಇನ್ನೊಂದು ಕೈ ಅಡ್ಡ ಹಿಡಿಯಬೇಕು, ದೇವರೇ ಬಂದು ಕೇಳಿದರೂ ಹೇಳಬಾರದು. ರೂಪಾಯಿ ಲೆಕ್ಕದಲ್ಲಿ ತೆಗೆದುಕೊಳ್ಳಲಾ ಎಂದು ಅಂಗಡಿಯವರು ಕೇಳಿದರೆ ಬೇಡ ಎನ್ನಬೇಕು, ಅದರಲ್ಲಿ ನಮಗೇ ನಷ್ಟ. ಇಬ್ಬರ ಕಾರ್ಡೂ ಒಂದೇ ಚೀಲದಲ್ಲಿರಬಾರದು. ಅಕ್ಕ ಎಲ್ಲದಕ್ಕೂ ತಲೆಯಾಡಿಸಿ, ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಒಂದೇ ಒಂದು ಪ್ರಶ್ನೆ ಕೇಳಿದಳು.

"ಇದರಲ್ಲಿ ನನ್ನ ಹೆಸರು ಉಂಟಾ?"

"ಉಂಟು. ಇಲ್ಲಿ ನೋಡು."

ಇಂಗ್ಲಿಷ್ ಓದಲು ಬಾರದ ಅಕ್ಕ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು.

ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅವಳಿಗೆ ಹದಿನಾಲ್ಕು. ಕಡಬದ ಹತ್ತಿರ ಯಾರದೋ ರಬ್ಬರು ತೋಟದಲ್ಲಿ ಮರ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಮಾಡಿ ನನ್ನನ್ನು ಟೀಚರಮ್ಮ ಮಾಡಿದವಳು ಅವಳು. ಮದುವೆ ಯಾಕೆ ಆಗಲಿಲ್ಲ ಎಂದರೆ "ಪುರುಸೊತ್ತು ಎಲ್ಲಿ ಇತ್ತು ಮಾರಾಯ್ತಿ" ಎನ್ನುತ್ತಾಳೆ. ಈಗ ನನ್ನ ಜೊತೆಗೇ ಇದ್ದಾಳೆ, ಮನೆ ನಡೆಯುವುದು ನನ್ನ ಪೆನ್ಷನ್ನಿನಲ್ಲಿ. ಆದರೆ ಆ ಕಾರ್ಡಿಗೆ ತುಂಬಿದ್ದು ಅವಳದೇ ದುಡ್ಡು. ಮರದ ಹಾಲು ಬೀಳುವ ತೆಂಗಿನ ಗೆರಟೆಯ ತಳದಲ್ಲಿ ಅಂಟಿ ಒಣಗಿದ ರಬ್ಬರನ್ನು ತೋಟದವರು ಅವಳಿಗೇ ಬಿಟ್ಟುಕೊಡುತ್ತಿದ್ದರು. ಅದನ್ನು ಕೆರೆದು ಮಾರಿ ಅವಳು ಕೂಡಿಟ್ಟದ್ದು ಅಷ್ಟೇ.

ಪ್ರವಾಸದ ಹುಚ್ಚು ನನ್ನದು. ಹಿಂದಿನ ಮಳೆಗಾಲದಲ್ಲಿ ನನ್ನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಹಾಸಿಗೆಯಲ್ಲಿ ಮಲಗಿದ್ದಾಗಲೇ ನಿಶ್ಚಯಿಸಿದ್ದೆ, ಎದ್ದರೆ ಅಕ್ಕನನ್ನು ರಬ್ಬರಿನ ದೇಶಕ್ಕೆ ಕರೆದುಕೊಂಡು ಹೋಗುವುದು ಎಂದು. ಡಾಕ್ಟರು ಹೋಗಬಹುದು ಎಂದರು. ಐದು ದಿನ ಊರಿನವರ ಗುಂಪಿನ ಜೊತೆ, ಅವರು ವಾಪಸಾದ ಮೇಲೆ ಎರಡು ದಿನ ಮಲಾಕಾದಲ್ಲಿ ನಾವಿಬ್ಬರೇ. ಅಲ್ಲಿ ಹತ್ತಿರದಲ್ಲಿ ರಬ್ಬರು ತೋಟಗಳಿವೆ ಎಂದು ನಾನು ಮೊಬೈಲಿನಲ್ಲಿ ಹುಡುಕಿಟ್ಟಿದ್ದೆ.

ಆ ಐದು ದಿನದಲ್ಲಿ ಅಕ್ಕ ಕಾರ್ಡನ್ನು ಒಮ್ಮೆಯೂ ಹೊರಗೆ ತೆಗೆಯಲಿಲ್ಲ. ಎಳನೀರು ಕುಡಿದಾಗ, ಟೋಪಿ ಕೊಂಡಾಗ, "ನಿನ್ನ ಕಾರ್ಡು ಉಜ್ಜಿ ನೋಡು" ಎಂದರೆ, "ಇರಲಿ, ನೀನೇ ಕೊಡು" ಎಂದು ಹಿಂದೆ ಸರಿಯುತ್ತಿದ್ದಳು. "ನಮ್ಮ ಅಕ್ಕ ಭಾರಿ ಜಿಪುಣಿ, ಸತ್ತಾಗ ಕಾರ್ಡು ಜೊತೆಗೆ ಕೊಂಡುಹೋಗುತ್ತಾಳೆ" ಎಂದು ಬಸ್ಸಿನಲ್ಲಿ ಎಲ್ಲರೆದುರು ತಮಾಷೆ ಮಾಡಿದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಮಲಾಕಾದ ಹೋಟೆಲಿಗೆ ಮುಟ್ಟಿದಾಗ ಸಂಜೆ. ಕೌಂಟರಿನ ಹುಡುಗಿ ಎರಡು ದಿನದ ಬಾಡಿಗೆಯ ಜೊತೆ ಠೇವಣಿಯನ್ನೂ ಕೇಳಿದಳು. ಅಷ್ಟು ದಿನದ ಸಣ್ಣಪುಟ್ಟ ಖರ್ಚಿಗೆ ಪಿನ್ ಬೇಕಾಗಿರಲಿಲ್ಲ; ಈಗ ನಾನು ಗತ್ತಿನಿಂದ ಕಾರ್ಡು ಕೊಟ್ಟು ಪಿನ್ ಒತ್ತಿದೆ. ತಪ್ಪು ಎಂದಿತು. ಯಂತ್ರಕ್ಕೇ ಏನೋ ಆಗಿದೆ ಎಂದುಕೊಂಡು ಅದನ್ನೇ ಇನ್ನೂ ಜೋರಾಗಿ ಒತ್ತಿದೆ. ಮೂರನೆಯ ಸಲವೂ ಒತ್ತಿದ ಮೇಲೆ ಕಾರ್ಡು ಬ್ಲಾಕ್ ಆಯಿತು. ಆಗ ಹೊಳೆಯಿತು, ನಾನು ಒತ್ತುತ್ತಿದ್ದದ್ದು ಊರಿನ ಪೆನ್ಷನ್ ಖಾತೆಯ ಎಟಿಎಂ ನಂಬರು! ಸಹಾಯವಾಣಿಗೆ ಫೋನು ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಹೇಳಿ ಹೇಳಿ ಲೈನೇ ಕಟ್ಟಾಯಿತು. ಕೈಯಲ್ಲಿದ್ದ ನಗದು ಒಂದು ಊಟಕ್ಕೆ ಸಾಕಾಗುವಷ್ಟು.

"ಅಕ್ಕ, ನಿನ್ನ ಕಾರ್ಡು ಕೊಡು."

ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು. "ಅದು ಆಗುದಿಲ್ಲ."

"ಎಂತ ಆಗುದಿಲ್ಲ? ಕಳೆದು ಹಾಕಿದ್ದೀಯಾ?"

"ಇಲ್ಲ, ಉಂಟು. ತೆಗಿಲಿಕ್ಕೆ ಆಗುದಿಲ್ಲ. ಮುಡಿಪು ಕಟ್ಟಿ ಆಗಿದೆ."

ಚೀಲದಿಂದ ಸಣ್ಣದೊಂದು ಗಂಟು ತೆಗೆದು ತೋರಿಸಿದಳು. ಅರಸಿನ ಹಚ್ಚಿದ ಬಟ್ಟೆ, ಮೂರು ಗಂಟು. ಒಳಗಿನ ಕಾರ್ಡಿನ ನಾಲ್ಕು ಮೂಲೆ ಹೊರಗಿನಿಂದಲೇ ಕಾಣುತ್ತಿತ್ತು. ನಮ್ಮಲ್ಲಿ ಹರಕೆ ಹೇಳಿಕೊಂಡು ಮುಡಿಪು ಕಟ್ಟಿದರೆ ಅದು ದೈವದ ದುಡ್ಡು. ಸಲ್ಲಿಸುವ ದಿನದವರೆಗೆ ಯಾರೂ ಬಿಚ್ಚುವುದಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. "ಒಂದು ನಾಣ್ಯ ಕಟ್ಟಿದ್ದರೆ ಸಾಕಿತ್ತಲ್ಲ ಮಾರಾಯ್ತಿ! ಕಾರ್ಡು ಯಾರಾದರೂ ಮುಡಿಪು ಕಟ್ತಾರಾ? ದೈವ ಇದನ್ನು ಎಲ್ಲಿ ಉಜ್ಜುದು? ಬುದ್ಧಿ ಉಂಟಾ ನಿನಗೆ?"

ಪಕ್ಕದ ಸೋಫಾದಲ್ಲಿ ಕೂತಿದ್ದವರು ತಿರುಗಿ ನೋಡಿದರು. ಅಕ್ಕ ಮೆಲ್ಲಗೆ ಹೇಳಿದಳು, "ನಾಣ್ಯ ಕಟ್ಟಿದರೆ ಅದು ನಿನ್ನ ದುಡ್ಡಾಗ್ತದೆ. ಮನೆಯಲ್ಲಿ ಇರುದೆಲ್ಲ ನಿನ್ನದೇ ಅಲ್ವಾ. ನನ್ನದು ಅಂತ ಇದ್ದದ್ದು ಇದು ಮಾತ್ರ."

"ಅಂಥದ್ದು ಎಂತ ಹರಕೆ?"

"ನಿನ್ನದೇ. ವಿಮಾನದಲ್ಲಿ ನಿನ್ನ ಎದೆ ತಡೆಯಬೇಕಲ್ಲ. ಹೋದ ಹಾಗೇ ಇವಳನ್ನು ಮನೆಗೆ ಮುಟ್ಟಿಸು, ನನ್ನದು ಇದ್ದದ್ದೆಲ್ಲ ನಿನಗೆ ಅಂತ ದೈವಕ್ಕೆ ಹೇಳಿದ್ದೆ."

ಬಸ್ಸಿನಲ್ಲಿ ಜಿಪುಣಿ ಎಂದದ್ದು ನೆನಪಾಗಿ ನಾಚಿಕೆಯಾಯಿತು. ಅಲ್ಲೇ ನೆಲದ ಮೇಲೆ ಕುಕ್ಕರಿಸಿದೆ. ಮೈ ಬೆವರಿತ್ತು. ಕೈ ತಾನಾಗಿ ಎದೆಯ ಮೇಲೆ ಹೋಗಿತ್ತು. ಅದು ನೋವಲ್ಲ, ಬರೀ ಗಾಬರಿ. ಆದರೆ ಅಕ್ಕನಿಗೆ ಹೇಗೆ ಗೊತ್ತಾಗಬೇಕು? ನನ್ನ ಮುಖ ನೋಡಿದವಳೇ ಹಲ್ಲಿನಿಂದ ಗಂಟು ಕಚ್ಚಿ ಎಳೆದಳು. ಒಂದು, ಎರಡು, ಮೂರು.

"ಸ್ವಾಮೀ, ತಪ್ಪಾಯ್ತು. ಊರಿಗೆ ಬಂದು ತಪ್ಪುಕಾಣಿಕೆ ಹಾಕ್ತೇನೆ," ಎಂದು ಬಟ್ಟೆಯನ್ನು ಕಣ್ಣಿಗೊತ್ತಿಕೊಂಡಳು. "ಇವಳಿಗಾಗಿ ಕಟ್ಟಿದ್ದು, ಇವಳಿಗಾಗಿಯೇ ಬಿಚ್ಚುದು."

ಕೌಂಟರಿಗೆ ಅವಳೇ ಹೋದಳು. ನಾನು ಕಲಿಸಿದ ಹಾಗೆ ಎಡಗೈ ಅಡ್ಡ ಹಿಡಿದು, ಹಿಂದೆ ನಿಂತ ನನಗೂ ಕಾಣದಂತೆ ಒಂದೊಂದೇ ಅಂಕೆ ಒತ್ತಿದಳು. ಚೀಟಿ ಕಿರ್ರೆಂದು ಹೊರಬಂತು.

"ಆಯ್ತಾ? ನಾನೇ ಕೊಟ್ಟದ್ದಾ?"

"ನೀನೇ ಕೊಟ್ಟದ್ದು ಅಕ್ಕ."

ಅವಳ ಮುಖದಲ್ಲಿ ಆಗ ಅರಳಿದ ಬೆಳಕನ್ನು ನಾನು ಅದಕ್ಕೆ ಮೊದಲು ಒಮ್ಮೆ ಮಾತ್ರ ನೋಡಿದ್ದೆ, ನನಗೆ ಕೆಲಸದ ಆದೇಶ ಬಂದ ದಿನ. ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅದೇ ಅರಸಿನದ ಬಟ್ಟೆಯಲ್ಲಿ ಕಟ್ಟಿದಳು. ದೈವಕ್ಕೆ ಲೆಕ್ಕ ಹೇಳಬೇಕಲ್ಲ!

ಮರುದಿನ ತೋಟ ನೋಡಿದೆವು. ಮರದ ಗೀರು ಮುಟ್ಟಿ, "ಇಲ್ಲಿಯವರ ಕೈ ಸ್ವಲ್ಪ ಒರಟು" ಎಂದು ತೀರ್ಪು ಕೊಟ್ಟಳು.

ಆ ಎರಡು ದಿನದ ಖರ್ಚಿಗೆ ಅಕ್ಕನ ಕಾರ್ಡು ಬರಿದಾಗಿತ್ತು. ಊರಿಗೆ ಬಂದು ತಪ್ಪುಕಾಣಿಕೆ ಹಾಕಿ ವಾರವಾಗಿತ್ತು. ಹೋಟೆಲಿನವರು ಹಿಡಿದಿಟ್ಟುಕೊಂಡಿದ್ದ ಠೇವಣಿ ಅಕ್ಕನ ಕಾರ್ಡಿಗೆ ವಾಪಸ್ ಬಂದಿದೆ ಎಂದು ಮೊಬೈಲಿಗೆ ಸಂದೇಶ ಬಂತು. ಓದಿ ಹೇಳಿದೆ.

ಅಕ್ಕ ಕೈ ಮುಗಿದಳು. "ನೋಡಿದೆಯಾ? ದೈವ ತೆಗೊಳ್ಳಲೇ ಇಲ್ಲ. ನಿನ್ನನ್ನೂ ಮುಟ್ಟಿಸಿತು, ದುಡ್ಡನ್ನೂ ವಾಪಸ್ ಕೊಟ್ಟಿತು."

ಠೇವಣಿ ಎಂದರೇನು, ಅದು ಯಾಕೆ ವಾಪಸ್ ಬರುತ್ತದೆ, ಎಷ್ಟು ದಿನಕ್ಕೆ ಬರುತ್ತದೆ, ಎಲ್ಲ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ಹೌದಕ್ಕ," ಎಂದೆ.

ಅಷ್ಟರಲ್ಲಿ ಅವಳು ಒಳಗಿನಿಂದ ಹೊಸದೊಂದು ಬಟ್ಟೆ ಅರಸಿನ ಹಚ್ಚಿ ತಂದಿದ್ದಳು. ಬರುವ ತಿಂಗಳು ನನ್ನ ಹೃದಯದ ಚೆಕಪ್ ಉಂಟಲ್ಲ, ಅದಕ್ಕೆ. ಕಾರ್ಡನ್ನು ನಡುವಲ್ಲಿಟ್ಟು ಮಡಚಿದಳು. ವಯಸ್ಸಾದ ಬೆರಳು, ಗಂಟು ಸರಿಯಾಗಿ ಬೀಳಲಿಲ್ಲ. ನಾನು ಬಟ್ಟೆಯ ಒಂದು ತುದಿ ಹಿಡಿದುಕೊಂಡೆ.