ವಾಸನೆ ಹೋದ ಮೇಲೆ ಫ್ರೆಂಚ್ ಅಡುಗೆ

ನನಗೆ ಅಡುಗೆ ಕಲಿಸಿದ್ದು ನಮ್ಮಮ್ಮ ಅಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಗಂಡಸರು ಅಡುಗೆಮನೆಗೆ ಹೋಗುತ್ತಿದ್ದದ್ದು ನೀರು ಕುಡಿಯುವುದಕ್ಕೆ ಮಾತ್ರ. ಕಲಿಸಿದವಳು ಟಿವಿಯಲ್ಲಿ ಬರುತ್ತಿದ್ದ ಒಬ್ಬ ಅಮೆರಿಕನ್ ಅಜ್ಜಿ.

ಆಸ್ಟಿನ್‌ನಲ್ಲಿ ಓದುತ್ತಿದ್ದಾಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಿಂದಿನವರು ಬಿಟ್ಟುಹೋಗಿದ್ದ ಒಂದು ಡಬ್ಬಾ ಟಿವಿ ಇತ್ತು. ಅದರಲ್ಲಿ ಸರಿಯಾಗಿ ಬರುತ್ತಿದ್ದದ್ದು ಒಂದೇ ಚಾನೆಲ್. ಶನಿವಾರ ಮಧ್ಯಾಹ್ನ ಆ ಅಜ್ಜಿಯ ಹಳೆಯ ಕಂತುಗಳನ್ನು ಹಾಕುತ್ತಿದ್ದರು. ಎತ್ತರದ ಹೆಂಗಸು, ಮಾತಾಡುವಾಗ ದನಿ ಜಾರುಗುಪ್ಪೆ ಆಡುವ ಹಾಗೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಫ್ರೆಂಚ್ ಅಡುಗೆ ಮಾಡುತ್ತಿದ್ದಳು. ಕೈಜಾರಿ ಏನಾದರೂ ಬಿದ್ದರೆ ಎತ್ತಿಟ್ಟು ನಗುತ್ತಿದ್ದಳು. ಒಲೆಯ ಮೇಲೆ ಬೆಂಕಿ ಭಗ್ಗೆಂದರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿರಲಿಲ್ಲ. ನನಗೋ ಬೆಂಕಿ ಎಂದರೆ ಚಿಕ್ಕಂದಿನಿಂದ ಹೆದರಿಕೆ. ಕಡ್ಡಿ ಗೀರಿ ಕೈ ಹಿಂದಕ್ಕೆ ಎಳೆದುಕೊಳ್ಳುವವನು. ಆಕೆಯನ್ನು ನೋಡುತ್ತಾ ನೋಡುತ್ತಾ, ಒಂದು ಶನಿವಾರ ನಾನೂ ಎದ್ದು ಬಾಣಲೆ ಇಟ್ಟೆ. ಬೆಣ್ಣೆ ಹಾಕಿದೆ. ಅದು ಚುಂಯ್‌ಗುಟ್ಟಿ, ನೊರೆ ಎದ್ದು, ನೊರೆ ಇಳಿದು, ಒಂದು ಕ್ಷಣ ಸುಮ್ಮನಾಯಿತು. ಆಗ ಮೊಟ್ಟೆ ಸುರಿದೆ. ಮನೆಗೆ ಫೋನ್ ಮಾಡಿದಾಗ ಅಮ್ಮನಿಗೆ ಉಪ್ಪಿಟ್ಟು ಮಾಡಿದೆ ಅಂತ ಹೇಳಿದೆ.

ಕೆಲಸ ಸಿಕ್ಕಿ ಹ್ಯೂಸ್ಟನ್‌ಗೆ ಹೋದೆ, ಅಲ್ಲಿ ಮದುವೆಯಾಯಿತು, ಆಮೇಲೆ ಡಲ್ಲಾಸ್ ಹತ್ತಿರದ ಮೆಕಿನ್ನಿಗೆ ಶಿಫ್ಟ್ ಆದೆವು. ಶನಿವಾರದ ಫ್ರೆಂಚ್ ಅಡುಗೆ ಮಾತ್ರ ನಿಲ್ಲಲಿಲ್ಲ. ಮಾಂಸದ ಜಾಗಕ್ಕೆ ಅಣಬೆ, ಬದನೆಕಾಯಿ. ಧಾರವಾಡದವಳಾದ ನನ್ನ ಹೆಂಡತಿ ಡಾಕ್ಟರು. ಆಸ್ಪತ್ರೆಯಿಂದ ಬಂದು ನನ್ನ ವೈಟ್ ಸಾಸ್ ನೋಡಿ, 'ಮತ್ತ ಮೈದಾ ಗಂಜಿ ಕಾಸೀರೇನ್ರಿ?' ಅನ್ನುತ್ತಿದ್ದಳು. ಹಾಗಂದವಳೇ ಎರಡು ಸಲ ಹಾಕಿಸಿಕೊಳ್ಳುತ್ತಿದ್ದಳು.

ಹೋದ ಚಳಿಗಾಲದಲ್ಲಿ ನನಗೆ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕಿದೆ. ಇಂಗು ಹಾಕಿದ್ದೇನೋ ಇಲ್ಲವೋ ಗೊತ್ತಾಗಲಿಲ್ಲ. ಇನ್ನಷ್ಟು ಹಾಕಿದೆ. ಮತ್ತೂ ಹಾಕಿದೆ. ನನ್ನ ಮಗಳು ಮೂಗು ಮುಚ್ಚಿಕೊಂಡು, 'ಅಪ್ಪಾ, ಟೂ ಮಚ್!' ಅಂತ ಕೂಗಿದಳು. ಇಂಗಿನ ಡಬ್ಬಿಯನ್ನೇ ಮೂಗಿಗೆ ಹಿಡಿದೆ. ಏನೂ ಇಲ್ಲ. ಕಾಫಿ ಪುಡಿ, ವಿಕ್ಸ್, ಶೂ ಪಾಲಿಶ್, ಎಲ್ಲಾ ಮೂಸಿದೆ. ಗೋಡೆಗೆ ಮೂಗು ಒತ್ತಿದ ಹಾಗೆ.

'ಬರ್ತದ, ನಿಧಾನ ಬರ್ತದ' ಅಂದಳು ಹೆಂಡತಿ. ಡಾಕ್ಟರುಗಳು ಖಾತ್ರಿ ಇಲ್ಲದಾಗ ಮಾತಾಡುವ ದನಿ ಯಾವುದೆಂದು ನನಗೆ ಅಷ್ಟರಲ್ಲಿ ಗೊತ್ತಿತ್ತು.

ಮೊದಲು ಬೇಜಾರು, ಆಮೇಲೆ ಭಯ. ಕೆಟ್ಟ ಹಾಲನ್ನು ಗೊತ್ತಿಲ್ಲದೆ ಕುಡಿದೆ. ಟೋಸ್ಟರಿನಿಂದ ಹೊಗೆ ಕಣ್ಣಿಗೆ ಕಾಣುವ ತನಕ ಪಕ್ಕದಲ್ಲೇ ನಿಂತಿದ್ದೆ. ಮಗಳ ಡಬ್ಬಿ ಕಟ್ಟುವಾಗ ಒಂದೇ ಯೋಚನೆ. ಹಳಸಿದ್ದು ಹಾಕಿಬಿಟ್ಟರೆ? ಹಾಗಂತ ಅಡುಗೆ ಬಿಡುವುದಕ್ಕೂ ಮನಸ್ಸಿಲ್ಲ. ಮತ್ತೆ ಆ ಅಜ್ಜಿಯ ಹತ್ತಿರ ಹೋದೆ. ಫೋನಿನಲ್ಲಿ ಹಳೆಯ ಕಂತುಗಳೆಲ್ಲ ಸಿಕ್ಕವು. ಈ ಸಲ ಬೇರೆ ರೀತಿ ನೋಡಿದೆ. ಆಕೆ ಎಲ್ಲಿ ಮೂಸುತ್ತಾಳೆ ಅಂತಲ್ಲ, ಎಲ್ಲಿ ಕಿವಿ ಕೊಡುತ್ತಾಳೆ, ಎಲ್ಲಿ ಬೆರಳಿನಿಂದ ಒತ್ತಿ ನೋಡುತ್ತಾಳೆ, ಬಣ್ಣಕ್ಕಾಗಿ ಎಷ್ಟು ಹೊತ್ತು ಕಾಯುತ್ತಾಳೆ ಅಂತ. ಈರುಳ್ಳಿಯಲ್ಲಿ ನೀರಿರುವಾಗ ಒಂದು ಸದ್ದು, ನೀರು ಆರಿ ಕಂದು ಬಣ್ಣಕ್ಕೆ ತಿರುಗುವಾಗ ಇನ್ನೊಂದು ಸದ್ದು. ಹೀಗೇ ಕಿವಿಯಿಂದ ಅಡುಗೆ ಮಾಡಲು ಕಲಿತೆ. ಪರವಾಗಿಲ್ಲ, ಬದುಕಬಹುದು ಅನ್ನಿಸಿತು.

ಆ ಹೊತ್ತಿಗೆ ಅತ್ತೆ ಧಾರವಾಡದಿಂದ ಬಂದಿದ್ದರು. ಒಂದು ಶನಿವಾರ ಹೆಂಡತಿಗೆ ಡ್ಯೂಟಿ ಇತ್ತು. ಹೊರಗೆ ಚಳಿ, ಕಿಟಕಿಗಳೆಲ್ಲ ಮುಚ್ಚಿದ್ದವು. ಅತ್ತೆ ಸ್ವೆಟರ್ ಮೇಲೆ ಶಾಲು ಸುತ್ತಿಕೊಂಡು ಮಧ್ಯಾಹ್ನದ ವಾಕಿಂಗ್ ಹೊರಟರು. ನಾನು ಈರುಳ್ಳಿ ಸೂಪ್ ಶುರು ಮಾಡಿದೆ. ಮೇಲೆ ಹಾಕುವುದಕ್ಕೆ ಒಂದು ಫ್ರೆಂಚ್ ಚೀಸ್ ತಂದಿದ್ದೆ, ಪೊಟ್ಟಣ ಬಿಚ್ಚಿದರೆ ಮನೆಯೆಲ್ಲ ನಾರುವಂಥದ್ದು. ಉರಿ ಸಣ್ಣಗೆ ಮಾಡಿ ಪಾತ್ರೆಗೆ ಮುಚ್ಚಳ ಹಾಕಿ, ಮಗಳ ಲೆಕ್ಕದ ಹೋಂವರ್ಕ್ ನೋಡಲು ಮುಂದಿನ ಕೋಣೆಗೆ ಹೋದೆ.

ಭಾಗಾಕಾರದಲ್ಲಿ ಸಿಕ್ಕಿಬಿದ್ದೆವು. ಎಷ್ಟು ಹೊತ್ತಾಯಿತೋ. ತಲೆ ನೋಯುತ್ತೆ ಅಂತ ಮಗಳು ಸೋಫಾ ಮೇಲೆ ಒರಗಿದಳು. ನಾನು ಸೂಪ್ ನೋಡಲು ಎದ್ದೆ. ಅಡುಗೆಮನೆ ಬಾಗಿಲಲ್ಲೇ ಗೊತ್ತಾಯಿತು, ಕುದಿಯುವ ಸದ್ದಿಲ್ಲ. ಸೂಪ್ ಉಕ್ಕಿ ಸುತ್ತ ಚೆಲ್ಲಿ ಉರಿ ಆರಿಹೋಗಿತ್ತು. ಅಯ್ಯೋ ಅಂದುಕೊಂಡು ಪಾತ್ರೆ ಪಕ್ಕಕ್ಕಿಟ್ಟು, ಬಟ್ಟೆಯಿಂದ ಒರೆಸಿ, ಮತ್ತೆ ಹೊತ್ತಿಸಲು ಒಲೆಯ ಗುಬುಟಿಗೆ ಕೈ ಹಾಕಿದೆ. ತಿರುಗಿಸಿದರೆ ಟಿಕ್ ಟಿಕ್ ಅಂತ ಕಿಡಿ ಹಾರುವ ಒಲೆ ಅದು.

ಅದೇ ಕ್ಷಣ ಗ್ಯಾರೇಜಿನಿಂದ ಅಡುಗೆಮನೆಗೆ ಬರುವ ಬಾಗಿಲು ತೆರೆಯಿತು.

'ಅಳಿಯಂದ್ರ! ಮುಟ್ಟಬ್ಯಾಡ್ರಿ!'

ಅತ್ತೆ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಶಾಲಿನ ಸೆರಗು ಮೂಗಿಗೆ ಒತ್ತಿ ಹಿಡಿದಿದ್ದರು.

'ಏನಾಯ್ತು?'

'ಮನಿ ತುಂಬ ಗ್ಯಾಸ್ ತುಂಬ್ಯದ! ಕೈ ತಗೀರಿ! ಕೂಸು ಎಲ್ಲಿ?'

ನನ್ನ ಕೈ ಗುಬುಟಿಯ ಮೇಲೇ ಇತ್ತು. ಮರಗಟ್ಟಿದ ಹಾಗೆ. ಬೆರಳುಗಳಿಗೆ ಬಿಡು ಅಂತ ಹೇಳುತ್ತಿದ್ದೇನೆ, ಅವು ಬಿಡುತ್ತಿಲ್ಲ. ಗ್ಯಾಸ್ ಇನ್ನೂ ಹರಿಯುತ್ತಿದೆ, ಅದನ್ನು ಮುಚ್ಚಬೇಕು, ಆದರೆ ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆ, ಯಾವ ಕಡೆ ತಿರುಗಿಸಿದರೆ ಕಿಡಿ ಹಾರುತ್ತದೆ? ದಿನಾ ತಿರುಗಿಸುವ ಗುಬುಟಿ. ನೆನಪೇ ಆಗಲಿಲ್ಲ. ಕೊನೆಗೆ ಹಾಗೇ ಕೈ ಕಿತ್ತುಕೊಂಡು ಮುಂದಿನ ಕೋಣೆಗೆ ಓಡಿದೆ. ಮಗಳು ಕಣ್ಣು ಮುಚ್ಚಿದ್ದಳು. ಅವಳನ್ನು ಎತ್ತಿಕೊಂಡಾಗ ಕತ್ತು ನನ್ನ ಭುಜದ ಮೇಲೆ ವಾಲಿತು. ಅದು ನಿದ್ದೆಯೋ ಬೇರೆ ಏನೋ ತಿಳಿಯದೆ ಬಾಗಿಲ ತನಕ ಓಡಿದ ಆ ಸ್ವಲ್ಪ ದೂರವನ್ನು ಈಗಲೂ ನೆನೆಸಿಕೊಳ್ಳಲಾರೆ.

ಹುಲ್ಲಿನ ಮೇಲೆ ಚಳಿಗಾಳಿ ತಾಗಿ ಅವಳು ಕಣ್ಣು ಬಿಟ್ಟಳು. 'ಅಪ್ಪಾ, ಇಟ್ಸ್ ಕೋಲ್ಡ್' ಅಂದಳು. ಅತ್ತೆ ತಮ್ಮ ಶಾಲು ಬಿಚ್ಚಿ ಅವಳಿಗೆ ಸುತ್ತಿದರು.

ರಸ್ತೆಯ ಆಚೆ ನಿಂತು ಫೋನ್ ಮಾಡಿದೆ. ಫೈರ್ ಎಂಜಿನ್ ಬಂತು. ಹೆಲ್ಮೆಟ್ ಹಾಕಿದವರು ಒಳಗೆ ಹೋಗಿ ಗ್ಯಾಸ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಬಂದರು. ಅವರಲ್ಲೊಬ್ಬ ನನ್ನನ್ನು ಕೇಳಿದ, 'ನಿಮಗೆ ವಾಸನೆ ಬರಲಿಲ್ಲವಾ?' ನಾನು ತಲೆ ಅಲ್ಲಾಡಿಸಿದೆ. ಅವನು ಮನೆಯ ಕಡೆ ನೋಡಿದ, ಮಗಳ ಕಡೆ ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಮಗಳನ್ನು ಕೇಳಿದೆ, 'ನಿನಗೆ ವಾಸನೆ ಬಂದಿತ್ತಾ ಪುಟ್ಟಾ?'

'ಬಂತು. ಐ ಥಾಟ್ ಇಟ್ ವಾಸ್ ಯುವರ್ ಚೀಸ್.'

ಹೆಂಡತಿ ಆಸ್ಪತ್ರೆಯಿಂದ ಓಡಿಬಂದವಳು ಅಳಲೂ ಇಲ್ಲ, ಜಗಳವಾಡಲೂ ಇಲ್ಲ. ಮಗಳ ಕಣ್ಣು, ನಾಡಿ ನೋಡಿದಳು. ಮರುದಿನ ಗ್ಯಾಸ್ ಸೋರಿದರೆ ಕಿರುಚುವ ಯಂತ್ರಗಳನ್ನು ತಂದು ಅಡುಗೆಮನೆಯಲ್ಲೂ ಹಜಾರದಲ್ಲೂ ಹಾಕಿದಳು. ನನಗೆ ಅವುಗಳ ಮೇಲೂ ನಂಬಿಕೆ ಬರಲಿಲ್ಲ. ಪ್ಲೇನೋದ ಆಫೀಸಿಗೆ ಡ್ರೈವ್ ಮಾಡುತ್ತಿದ್ದವನು ಅರ್ಧ ದಾರಿಯಿಂದ ವಾಪಸ್ ಬಂದು ಒಲೆ ನೋಡಿಕೊಂಡು ಹೋಗುತ್ತಿದ್ದೆ. ಮೀಟಿಂಗಿನಲ್ಲಿ ಕೂತಾಗ ಬೆರಳು ತಾನಾಗಿ ಮೇಜಿನ ಮೇಲೆ ಇಲ್ಲದ ಗುಬುಟಿಯನ್ನು ತಿರುಗಿಸುತ್ತಿತ್ತು. ಅಡುಗೆ ಪೂರ್ತಿ ಬಿಟ್ಟೆ. ಅತ್ತೆ ಒಲೆ ಹೊತ್ತಿಸಿದರೂ ನಾನು ಮಗಳನ್ನು ಕರೆದುಕೊಂಡು ಹಿತ್ತಿಲಿಗೆ ಹೋಗಿಬಿಡುತ್ತಿದ್ದೆ.

ಕೆಲವು ವಾರ ಅತ್ತೆ ಸುಮ್ಮನೆ ನೋಡಿದರು. ಒಂದು ಮಧ್ಯಾಹ್ನ ಊಟದ ಕೋಣೆಯಿಂದ ಕುರ್ಚಿ ಎಳೆದು ತಂದು ಒಲೆಯ ಪಕ್ಕ ಹಾಕಿಕೊಂಡು ಕೂತರು.

'ನಿಮ್ಮ ಆ ಟಿವಿ ಅಜ್ಜಿನ್ನ ಹಚ್ರಿ' ಅಂದರು.

'ಯಾಕತ್ತೆ?'

'ಹಚ್ರಿ ಮೊದ್ಲ.'

ಫೋನನ್ನು ಗೋಡೆಗೆ ಒರಗಿಸಿ ಹಚ್ಚಿದೆ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಕಣ್ಣು ತೆಗೆಯದೆ ನೋಡಿದರು. 'ಎಷ್ಟ್ ಎತ್ತರ ಅದಾಳ ಈಕಿ! ಬೆಣ್ಣಿ ನೋಡ್ರಿ, ಕೈ ಬಿಚ್ಚಿ ಹಾಕ್ತಾಳ. ಮನಿತನಸ್ತ ಹೆಣ್ಮಗಳು.' ಕಂತು ಮುಗಿದ ಮೇಲೆ ನನ್ನ ಕಡೆ ತಿರುಗಿದರು. 'ತ್ರಾಸೇನೂ ಇಲ್ಲ. ಮೂಗು ನಂದು, ಕೈ ನಿಮ್ದು. ಹಚ್ರಿ ಒಲಿ.'

'ಆಗಲ್ಲ ಅತ್ತೆ. ಭಯ ಆಗುತ್ತೆ.'

'ಆಗ್ಲಿ. ನನಗೂ ಆಗ್ತದ. ಅದಕ್ಕಽ ಇಲ್ಲೇ ಕೂತೇನಿ.'

ತಿರುಗಿಸಿದೆ. ಟಿಕ್ ಟಿಕ್ ಅಂದಾಗ ಕಣ್ಣು ಮುಚ್ಚಿಕೊಂಡೆ. ನೀಲಿ ಉರಿ ಹತ್ತಿತು. ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ ಬಾಣಲೆಯ ಸದ್ದು ಕೇಳಿಸುತ್ತಿರಲಿಲ್ಲ. ಅವತ್ತು ಮಾಡಿದ್ದು ಆಲೂಗಡ್ಡೆ, ಹಾಲಿನ ಕೆನೆ, ಸ್ವಲ್ಪ ಜಾಯಿಕಾಯಿ ಹಾಕಿ ಬೇಯಿಸಿದ್ದು, ಅತ್ತೆಗಾಗಿ ಮೊಟ್ಟೆ ಏನೂ ಇಲ್ಲದ್ದು. ತಳ ಸ್ವಲ್ಪ ಸೀದಿತ್ತು. ಅತ್ತೆ ಮೂರು ಸಲ ಹಾಕಿಸಿಕೊಂಡರು, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು.

ವೀಸಾ ಮುಗಿದು ಅವರು ಹೊರಟ ದಿನ ಡಲ್ಲಾಸ್ ಏರ್‌ಪೋರ್ಟಿನಲ್ಲಿ ಮಗಳು ಅವರ ಸೆರಗು ಹಿಡಿದು ಅತ್ತಳು. ನನಗೂ ಅಳು ಬಂತು. ಪ್ರೀತಿ ಇತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಇತ್ತು, ನಾಳೆಯಿಂದ ಒಲೆಯ ಪಕ್ಕ ಯಾರು ಕೂರುತ್ತಾರೆ ಅಂತ.

ನನಗೆ ಈಗ ವಾಸನೆ ಅಷ್ಟಿಷ್ಟು ಬರುತ್ತದೆ, ಬರುವುದೂ ತಲೆಕೆಳಗು. ಕಾಫಿ ಸುಟ್ಟ ರಬ್ಬರಿನಂತೆ, ಸೋಪು ಕೊಳೆತ ಎಲೆಯಂತೆ. ಸರಿಹೋಗಬಹುದು, ಹೋಗದೆಯೂ ಇರಬಹುದು ಅಂತ ಹೆಂಡತಿ ಈಗ ನೇರವಾಗಿಯೇ ಹೇಳುತ್ತಾಳೆ. ಶನಿವಾರ ಅಡುಗೆ ಮಾಡುತ್ತೇನೆ. ಉರಿ ಇರುವ ತನಕ ಒಲೆ ಬಿಟ್ಟು ಕದಲುವುದಿಲ್ಲ. ಕಿಟಕಿಗಳನ್ನೆಲ್ಲ ತೆರೆದಿಡುತ್ತೇನೆ, ಜನವರಿಯಲ್ಲೂ. ಹೆಂಡತಿ, ಮಗಳು ಜಾಕೆಟ್ ಹಾಕಿಕೊಂಡು, ಟೋಪಿ ಹಾಕಿಕೊಂಡು ಊಟದ ಮೇಜಿಗೆ ಬರುತ್ತಾರೆ. ಬೇಗ ಬೇಗ ತಿನ್ನುತ್ತೇವೆ, ಆರಿಹೋಗುತ್ತದೆ ಅಂತ.